ಬಚ್ಚಲ ನೀರು ಹೋಗುವುದೆಲ್ಲಿಗೆ?

ನಮ್ಮ ಭಾಗದಲ್ಲಿ ಅಡಿಕೆ, ಕಾಫಿ, ಕಾಳುಮೆಣಸಿನ ಜೊತೆಗೆ ಈಗ ನಾಲ್ಕನೆಯ ಬೆಳೆಯೊಂದು ಸೇರಿಕೊಂಡಿದೆ. ಅದಕ್ಕೆ ಗೊಬ್ಬರ ಬೇಡ, ಕೊಳೆರೋಗ ಬರುವುದಿಲ್ಲ, ಮಂಗಗಳ ಕಾಟವೂ ಇಲ್ಲ. ಮನೆಯ ಹಿಂದೆ ನಾಲ್ಕು ಕೋಣೆ ಎಬ್ಬಿಸಿ, ಪೇಟೆಯವರು ಶನಿವಾರ ಬಂದು ಭಾನುವಾರ ಹೋಗುವ ಏರ್ಪಾಡು ಮಾಡಿಕೊಂಡರೆ ಮುಗಿಯಿತು. ಹೋಂಸ್ಟೇ ಎಂಬ ಈ ಬೆಳೆಯ ವಿಷಯದಲ್ಲಿ ಸದಸ್ಯರಿಗೆ ಇರುವ ಉತ್ಸಾಹ ಸಂಘಕ್ಕೆ ಬರುವ ಸಾಲದ ಅರ್ಜಿಗಳಲ್ಲೇ ಕಾಣುತ್ತಿದೆ. ಧಾರಣೆ ಏರಿ ಇಳಿಯುವುದನ್ನು ನೋಡಿ ನೋಡಿ ಬೇಸತ್ತವರು ಇನ್ನೊಂದು ಆದಾಯದ ದಾರಿ ಹುಡುಕಿದರೆ ತಪ್ಪೆನ್ನುವಂತಿಲ್ಲ. ಆ ಉತ್ಸಾಹಕ್ಕೆ ತಣ್ಣೀರೆರಚುವ ಇಚ್ಛೆ ನಮಗಿಲ್ಲ. ಆದರೆ ಮಾತನಾಡಬೇಕಾಗಿರುವುದು ನೀರಿನ ವಿಷಯವೇ ಆದ್ದರಿಂದ, ಕೆಲವರಿಗೆ ಹಾಗೆ ತೋರಿದರೆ ಕ್ಷಮಿಸಬೇಕು.

ಈ ಬರಹಕ್ಕೆ ಮೂಲ, 2022 ರ ಸೆಪ್ಟೆಂಬರಿನಲ್ಲಿ ನಾವು ನಾಲ್ವರು ಸದಸ್ಯರು ಹಿಮಾಲಯದ ಜೋಶಿಮಠದ ಒಂದು ಅಗ್ಗದ ಹೋಟೆಲಿನಲ್ಲಿ ಕಳೆದ ಮೂರು ರಾತ್ರಿಗಳು. ಮದ್ದು ಹೊಡೆಯುವುದು ಮುಗಿದು ಕೊಯ್ಲು ಇನ್ನೂ ಶುರುವಾಗದ ದಿನಗಳು. ತೋಟ ಬಿಟ್ಟು ಹದಿನೈದು ದಿವಸ ಹೊರಗೆ ಇರಬಹುದಾದದ್ದು ವರ್ಷಕ್ಕೆ ಅದೊಂದೇ ಕಾಲ. ಬದರಿನಾಥನ ದರ್ಶನ, ಹಾಗೇ ಹೂವಿನ ಕಣಿವೆಯ ಚಾರಣ ಎಂದು ಹೊರಟೆವು. ನಾಲ್ವರಲ್ಲಿ ಇಬ್ಬರಿಗೆ ಅರವತ್ತು ದಾಟಿತ್ತು. ಮನೆಯವರು ಬೇಡವೆಂದರೂ ಹೊರಟದ್ದು ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಜೋಶಿಮಠ ನಮ್ಮವರಿಗೆ ಪೂರಾ ಅಪರಿಚಿತ ಹೆಸರಲ್ಲ. ಶಂಕರಾಚಾರ್ಯರು ಸ್ಥಾಪಿಸಿದರೆಂಬ ನಾಲ್ಕು ಮಠಗಳಲ್ಲಿ ಒಂದು ನಮ್ಮ ಶೃಂಗೇರಿಯದು. ಉತ್ತರದ್ದು ಅಲ್ಲಿಯ ಜ್ಯೋತಿರ್ಮಠ. ಜನರ ಬಾಯಲ್ಲಿ ಅದು ಜೋಶಿಮಠವಾಗಿತ್ತು. 2024 ರಲ್ಲಿ ತಾಲೂಕಿಗೆ ಮತ್ತೆ ಜ್ಯೋತಿರ್ಮಠವೆಂದೇ ಹೆಸರಿಟ್ಟರು. ಚಳಿಗಾಲದಲ್ಲಿ ಬದರಿಯ ಬಾಗಿಲು ಮುಚ್ಚಿದ ಮೇಲೆ ಶಂಕರಾಚಾರ್ಯರ ಗದ್ದುಗೆ ಇಲ್ಲಿನ ನರಸಿಂಹ ದೇವಸ್ಥಾನಕ್ಕೆ ಇಳಿದು ಬರುತ್ತದೆ. ಊರಿರುವುದು ಸುಮಾರು 6,000 ಅಡಿ ಎತ್ತರದಲ್ಲಿ. ಅಂದರೆ ನಮ್ಮ ಮುಳ್ಳಯ್ಯನಗಿರಿಯ ನೆತ್ತಿ ಎಲ್ಲಿ ಮುಗಿಯುತ್ತದೋ ಹೆಚ್ಚುಕಡಿಮೆ ಅಲ್ಲಿಗೆ ಅವರ ಊರು. ಬೆಟ್ಟ ಶುರುವಾಗುವುದು ಅದರ ಮೇಲೆ.

ಋಷಿಕೇಶದಿಂದ ಸುಮಾರು 250 ಕಿಲೋಮೀಟರು. ಬೆಳಗಿನ ಜಾವ ಬಸ್ಸು ಹತ್ತಿದವರು ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗ, ನಂದಪ್ರಯಾಗ ಎಂದು ಒಂದೊಂದೇ ಸಂಗಮ ಎಣಿಸುತ್ತ ಜೋಶಿಮಠದಲ್ಲಿ ಇಳಿದಾಗ ಕತ್ತಲಾಗಿತ್ತು. ರಸ್ತೆಯ ಇಕ್ಕೆಲದಲ್ಲಿ ಹೋಟೆಲುಗಳು. ಎಲ್ಲವೂ ನಾಲ್ಕು ಐದು ಅಂತಸ್ತು, ಒಂದರ ಮೈಗೆ ಒಂದು ಒರಗಿಕೊಂಡಂತೆ. ಮೊದಲು ವಿಚಾರಿಸಿದ ಕಡೆ ದರ ಹೆಚ್ಚಾಯಿತು. ಎರಡನೆಯ ಕಡೆ ಕೋಣೆಗೆ 1,200 ರೂಪಾಯಿ ಕೇಳಿದರು. ನಮ್ಮಲ್ಲಿ ಹಿರಿಯರು ಶಿವಮೊಗ್ಗದ ಮಂಡಿಯಲ್ಲಿ ನಲವತ್ತು ವರ್ಷ ವ್ಯವಹಾರ ಮಾಡಿ ಪಳಗಿದವರು. ಹರಕು ಮುರುಕು ಹಿಂದಿಯಲ್ಲೇ ಮಾತಿಗೆ ನಿಂತು 800 ಕ್ಕೆ ಇಳಿಸಿದರು. ಎರಡು ಕೋಣೆ, ಮೂರು ರಾತ್ರಿ. ಉಳಿತಾಯ 2,400 ರೂಪಾಯಿ ಎಂದು ಬಾಯಲ್ಲೇ ಲೆಕ್ಕ ಹಾಕಿ ಮೀಸೆ ತಿರುವಿದೆವು.

ಹೋಟೆಲಿನ ರಚನೆ ವಿಚಿತ್ರ. ರಸ್ತೆಯ ಮಟ್ಟಕ್ಕೆ ಒಂದು ಮೇಜು, ಒಂದು ಬೆಂಚು ಇರುವ ಆಫೀಸು. ಅದರ ಮೇಲೆ ಎರಡು ಅಂತಸ್ತು, ಕೆಳಗೆ ಎರಡು. ಅಗ್ಗದ ಕೋಣೆಗಳೆಲ್ಲ ಕೆಳಗೆ. ಮೆಟ್ಟಿಲು ಹತ್ತಿ ಕೋಣೆಗೆ ಹೋಗಿ ಅಭ್ಯಾಸವಿದ್ದ ನಾವು ಬಾವಿಗೆ ಇಳಿದಂತೆ ಇಳಿದೆವು. ಕೋಣೆ ಚೊಕ್ಕಟವಾಗಿಯೇ ಇತ್ತು. ಎರಡು ಮಂಚ, ಮೇಲೆ ನಮ್ಮ ಕಡೆಯ ಎರಡು ಗೋಣಿಚೀಲದ ತೂಕದ ಹತ್ತಿಯ ರಜಾಯಿ, ಗೋಡೆಯಲ್ಲಿ ಒಂದು ಕ್ಯಾಲೆಂಡರು. ರಜಾಯಿಗೆ ಒದ್ದೆಯ ವಾಸನೆ. ಮಳೆಗಾಲದಲ್ಲಿ ಅಟ್ಟದ ಮೇಲಿಟ್ಟ ಕಂಬಳಿಗೆ ಬರುತ್ತದಲ್ಲ, ಅದೇ. ಬಿಸಿನೀರು ಬೇಕಾದರೆ ಬಕೆಟ್ಟಿಗೆ 40 ರೂಪಾಯಿ. ಹುಡುಗ ಮೇಲಿನಿಂದ ಹೊತ್ತು ತರುತ್ತಿದ್ದ.

ಊಟದ ವಿಷಯದಲ್ಲಿ ದೂರಿಲ್ಲ. ರಾಜ್ಮಾ ಅನ್ನ, ಬಿಸಿ ರೊಟ್ಟಿ, ಬೆಳಿಗ್ಗೆ ಆಲೂ ಪರಾಠ. ಆ ರಾಜ್ಮಾ ಕಾಳಿನ ರುಚಿ ನಮ್ಮ ಅಂಗಡಿಗಳಲ್ಲಿ ಸಿಗುವ ಕಾಳಿಗೆ ಇಲ್ಲ. ಕಾಫಿ ಮಾತ್ರ ಕೇಳಬಾರದಾಗಿತ್ತು. ಕೇಳಿದೆವು. ಹಾಲು ಕುದಿಸಿ, ಸಕ್ಕರೆ ಸುರಿದು, ಅದರ ಮೇಲೆ ಪೊಟ್ಟಣದ ಪುಡಿ ಉದುರಿಸಿ ತಂದುಕೊಟ್ಟರು. ಬೆಳೆಗಾರರಾದವರು ಅದನ್ನು ಕಾಫಿ ಎಂದು ಕರೆದರೆ ಗಿಡಕ್ಕೆ ಅವಮಾನ. ಮರುದಿನದಿಂದ ಚಹಾಕ್ಕೆ ಶರಣಾದೆವು.

ಮೊದಲ ರಾತ್ರಿ ಊಟವಾದ ಮೇಲೆ ಎಲೆಸಂಚಿ ಬಿಚ್ಚಿ ಕುಳಿತಿದ್ದಾಗ ಒಂದು ಇಡಿ ಚಾಲಿ ಅಡಿಕೆ ಕೈತಪ್ಪಿ ನೆಲಕ್ಕೆ ಬಿತ್ತು. ಬಿದ್ದದ್ದು ಅಲ್ಲೇ ನಿಲ್ಲಲಿಲ್ಲ. ನಿಧಾನವಾಗಿ ಉರುಳಿ, ಮಂಚದ ಕಾಲನ್ನು ಬಳಸಿ, ಕಣಿವೆಯ ಕಡೆಯ ಗೋಡೆಯ ಬುಡಕ್ಕೆ ಹೋಗಿ ತಗುಲಿತು. ತಮಾಷೆಗೆಂದು ಇನ್ನೊಂದು ಬಿಟ್ಟೆವು. ಅದೂ ಅಲ್ಲಿಗೇ ಹೋಯಿತು. "ಭಾವ, ಮೇಸ್ತ್ರಿ ಮಟ್ಟಗೋಲು ತರುವುದನ್ನು ಮರೆತಿದ್ದನೇನೋ" ಎಂದು ಒಬ್ಬರೆಂದರು. ನಕ್ಕು ಮಲಗಿದೆವು.

ಬೆಳಿಗ್ಗೆ ಬಚ್ಚಲಿಗೆ ಹೋದವರು ಕಿಟಕಿ ತೆರೆದಾಗ ಎದುರಿಗೆ ಹಾಥಿ ಪರ್ವತ, ಹಿಮ ಹೊದ್ದು ನಿಂತಿದೆ. ಅಂಥ ನೋಟ ನಮ್ಮ ಯಾವ ಬಚ್ಚಲಿನಿಂದಲೂ ಕಾಣದು. ಆದರೆ ತೋಟದವರ ಕಣ್ಣು ಮೇಲೆ ಬಹಳ ಹೊತ್ತು ನಿಲ್ಲುವುದಿಲ್ಲ, ಕೆಳಗೆ ಇಳಿಯುತ್ತದೆ. ಗೋಡೆಯಿಂದ ನಾಲ್ಕಿಂಚಿನ ಪ್ಲಾಸ್ಟಿಕ್ ಪೈಪು ಹೊರಗೆ ಬಂದು, ಎರಡಾಳು ಉದ್ದ ಇಳಿದು, ಅಲ್ಲಿಗೆ ಮುಗಿದಿತ್ತು. ಅದರ ಬಾಯಿಂದ ಬಿದ್ದ ನೀರು ಇಳಿಜಾರಿನ ಮಣ್ಣಿನಲ್ಲಿ ಎಲ್ಲೋ ಮಾಯವಾಗುತ್ತಿತ್ತು. ಪೈಪಿನ ಕೆಳಗೆ ಮಾತ್ರ ಆಳೆತ್ತರದ ತುರಿಕೆ ಗಿಡ, ಕಪ್ಪು ಹಸಿರು. ಪಕ್ಕದ ಕಟ್ಟಡದ್ದೂ ಹಾಗೆಯೇ, ಅದರಾಚೆಯದೂ ಹಾಗೆಯೇ. ಒಂದೊಂದು ಪೈಪಿನ ಬುಡದಲ್ಲೂ ಒಂದೊಂದು ಹಸಿರು ತೇಪೆ. ಕಕ್ಕಸಿನದ್ದು ಬೇರೆ, ಅದಕ್ಕೆ ಕಟ್ಟಡದ ಅಡಿಯಲ್ಲೇ ಗುಂಡಿ ಇದೆ ಎಂದು ಆಮೇಲೆ ತಿಳಿಯಿತು.

ಹೋಟೆಲು ನೋಡಿಕೊಳ್ಳುತ್ತಿದ್ದವನು ಮೂವತ್ತೈದರ ಆಸುಪಾಸಿನ ಗಢವಾಲಿ ಯುವಕ. ಅವನನ್ನೇ ಕೇಳಿದೆವು: ಭಾಯಿ, ಈ ನೀರು ಹೋಗುವುದೆಲ್ಲಿಗೆ? "ನೀಚೇ, ಅಂಕಲ್‌ಜೀ" ಎಂದ. ಕೆಳಗೆ ಎಂದರೆ ಎಲ್ಲಿ? ಅವನು ಕೈಯನ್ನು ಅಲಕನಂದೆಯ ಕಡೆಗೆ ಬೀಸಿದ. ನದಿ ಅಲ್ಲಿಂದ ಸಾವಿರಾರು ಅಡಿ ಕೆಳಗೆ. ಅಲ್ಲಿಯವರೆಗೆ ಒಂದು ಕಾಲುವೆಯೂ ಇಲ್ಲ, ಚರಂಡಿಯೂ ಇಲ್ಲ. ನೀರು ಮಣ್ಣಿನೊಳಗೆ ಇಳಿಯಬೇಕು, ಬೇರೆ ದಾರಿಯಿಲ್ಲ.

ಮಾತಿಗೆ ಮಾತು ಬೆಳೆದು ಅವನ ಕಥೆ ತಿಳಿಯಿತು. ಅವನೂ ನಮ್ಮಂತೆಯೇ ಬೇಸಾಯದ ಮನೆಯವನು. ಹೋಟೆಲು ನಿಂತಿರುವ ಜಾಗ ಅವನ ಅಜ್ಜನ ಕಾಲದಲ್ಲಿ ರಾಜ್ಮಾ, ಆಲೂಗಡ್ಡೆ ಬೆಳೆಯುತ್ತಿದ್ದ ಮೆಟ್ಟಿಲುಗದ್ದೆ. ಮೂರು ಹಂತದ ಗದ್ದೆಯನ್ನು ಕಡಿದು ಸಮ ಮಾಡಿ, ಬ್ಯಾಂಕಿನ ಸಾಲ ತೆಗೆದು, ಮೊದಲು ಎರಡು ಅಂತಸ್ತು, ಆಮೇಲೆ ಯಾತ್ರಿಕರು ಹೆಚ್ಚಿದಂತೆ ಇನ್ನೆರಡು. ದುಡಿಮೆ ವರ್ಷಕ್ಕೆ ಆರು ತಿಂಗಳು. ಕಂತು ಹನ್ನೆರಡು ತಿಂಗಳು. ಹಿಂದಿನ ಎರಡು ವರ್ಷ ಕೋವಿಡ್ಡಿನಿಂದ ಪೂರಾ ಕಳೆದುಹೋಗಿದ್ದವು. ಆದ್ದರಿಂದ 1,200 ಎಂದು ಹೇಳಿ 800 ಕ್ಕೆ ಒಪ್ಪಿಕೊಳ್ಳುತ್ತಾನೆ. ಅವನು ಒಪ್ಪದಿದ್ದರೆ ಪಕ್ಕದವನು 700 ಕ್ಕೆ ಕೊಡುತ್ತಾನೆ. ಈ ಮಾತು ಕೇಳಿದಾಗ, ನಮ್ಮ ಮಾಲಿಗೆ ವ್ಯಾಪಾರಿ ದರ ಮುರಿಯುವಾಗ ನಾವು ಆಡುವ ಮಾತೇ ನೆನಪಾಯಿತು. ಹಿಂದಿನ ರಾತ್ರಿ ತಿರುವಿದ ಮೀಸೆ ಸ್ವಲ್ಪ ಇಳಿಯಿತು.

ಕ್ಯಾಲೆಂಡರಿನ ಹಿಂದೆ ಗೋಡೆಯಲ್ಲಿ ಬಿರುಕಿತ್ತು. ಸಿಮೆಂಟು ತುಂಬಿ ಬಣ್ಣ ಬಳಿದಿದ್ದರು. ಅದರ ಪಕ್ಕದಲ್ಲೇ ಕೂದಲೆಳೆಯಂಥ ಹೊಸದೊಂದು. ತೋರಿಸಿದಾಗ, ಇದು ಎಲ್ಲರ ಮನೆಯಲ್ಲೂ ಇದೆ, ಕಳೆದ ವರ್ಷದಿಂದ ಸ್ವಲ್ಪ ಜಾಸ್ತಿ ಎಂದ. ಹೇಳುವಾಗ ದನಿಯಲ್ಲಿ ಏನೂ ಇರಲಿಲ್ಲ. ನಮ್ಮಲ್ಲಿ ಹೆಂಚು ಸೋರುತ್ತದೆ ಎಂದು ಹೇಳಿದ ಹಾಗೆ.

ಹೂವಿನ ಕಣಿವೆಯ ವರ್ಣನೆಗೆ ಇದು ಜಾಗವಲ್ಲ. ಕಾಮೆಟ್ ಶಿಖರ ಹತ್ತಿ ಬರುತ್ತಿದ್ದ ಫ್ರಾಂಕ್ ಸ್ಮೈತ್ 1931 ರಲ್ಲಿ ಅದನ್ನು ಕಂಡು ಹೊರಲೋಕಕ್ಕೆ ತಿಳಿಸಿದರು, 1982 ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಗೋವಿಂದಘಾಟಿನಿಂದ ಪುಲ್ನಾದವರೆಗೆ ಜೀಪು, ಅಲ್ಲಿಂದ ಘಾಂಗ್ರಿಯಾಕ್ಕೆ ಸುಮಾರು ಹತ್ತು ಕಿಲೋಮೀಟರು ಏರುದಾರಿ. ನಮ್ಮಲ್ಲಿ ಒಬ್ಬರು ಕೊನೆಯ ಎರಡು ಮೈಲಿ ಹೇಸರಗತ್ತೆಯ ಮೇಲೆ ಬಂದರು, ಹೆಸರು ಹೇಳುವುದಿಲ್ಲ. ಹೂವುಗಳ ಕಾಲ ಆಗಲೇ ಇಳಿಮುಖವಾಗಿತ್ತು. ಉಳಿದಷ್ಟೇ ಸಾಕಾಯಿತು. ಒಂದು ಸಂಗತಿ ಮಾತ್ರ ಹೇಳಬೇಕು. ಕಣಿವೆಯೊಳಗೆ ಬೆಳಿಗ್ಗೆ ಬಿಡುತ್ತಾರೆ, ಸಂಜೆಯೊಳಗೆ ಎಲ್ಲರೂ ಹೊರಗೆ ಬರಬೇಕು. ಅಲ್ಲಿ ರಾತ್ರಿ ಉಳಿಯುವ ಹಾಗಿಲ್ಲ. ಒಂದು ಕೋಣೆಯಿಲ್ಲ, ಒಂದು ಬಚ್ಚಲಿಲ್ಲ, ಒಂದು ಪೈಪಿಲ್ಲ. ಅಷ್ಟು ಜನ ಬಂದು ಹೋದರೂ ಹೂವುಗಳು ಇನ್ನೂ ಇರುವುದಕ್ಕೆ ಅದೂ ಒಂದು ಕಾರಣವಿರಬೇಕು. ಉಳಿಯುವ ಭಾರವನ್ನೆಲ್ಲ ಘಾಂಗ್ರಿಯಾ, ಗೋವಿಂದಘಾಟ್, ಜೋಶಿಮಠ ಹೊರುತ್ತವೆ. 2011 ರ ಜನಗಣತಿಯಲ್ಲಿ ಜೋಶಿಮಠದ ಜನಸಂಖ್ಯೆ 16,709. 2022 ರಲ್ಲಿ ಬದರಿಗೆ ಹೋದ ಯಾತ್ರಿಕರು 17 ಲಕ್ಷಕ್ಕೂ ಮಿಕ್ಕಿ, ಎಲ್ಲರೂ ಆ ಊರಿನ ಮಾರ್ಗವಾಗಿಯೇ.

ಊರಿಗೆ ಬಂದು ಕೊಯ್ಲಿನಲ್ಲಿ ಮುಳುಗಿದೆವು. 2023 ರ ಜನವರಿ ಮೊದಲ ವಾರ, ಕಾಫಿ ಹಣ್ಣು ಕಣದಲ್ಲಿ ಹರಡಿಕೊಂಡಿದ್ದಾಗ, ಟೀವಿಯಲ್ಲಿ ಜೋಶಿಮಠ ಕಾಣಿಸಿತು. ಜನವರಿ 2 ರ ರಾತ್ರಿಯಿಂದ ಮನೆಗಳ ಬಿರುಕು ಒಮ್ಮೆಗೇ ಅಗಲವಾದವು. ಊರಿನ ತಗ್ಗಿನ ಕಡೆ ಒಂದು ಕಾಲೊನಿಯಲ್ಲಿ ನೆಲ ಬಿರಿದು ಕೆಸರು ನೀರು ಹೊರಬಂತು. 860 ಕ್ಕೂ ಹೆಚ್ಚು ಕಟ್ಟಡಗಳಲ್ಲಿ ಬಿರುಕು ಕಂಡಿತು. ಅಪಾಯವೆಂದು ತೀರ್ಮಾನಿಸಿದ ಮನೆಗಳ ಗೋಡೆಗೆ ಕೆಂಪು ಬಣ್ಣದಲ್ಲಿ ಗುರುತು ಹಾಕಿ ಸಂಸಾರಗಳನ್ನು ಹೊರಡಿಸಿದರು. ಎರಡು ಹೋಟೆಲುಗಳು ಒಂದರ ಮೇಲೊಂದು ವಾಲಿ ತಲೆ ತಾಗಿಸಿಕೊಂಡು ನಿಂತ ಚಿತ್ರವನ್ನು ನೀವೂ ನೋಡಿರಬಹುದು. ಆ ಎರಡನ್ನೂ ಕೆಡವಬೇಕಾಯಿತು. 2022 ರ ಡಿಸೆಂಬರ್ 27 ರಿಂದ ಜನವರಿ 8 ರವರೆಗಿನ ಹನ್ನೆರಡು ದಿನಗಳಲ್ಲಿ ನೆಲ 5.4 ಸೆಂಟಿಮೀಟರು ಕುಸಿದಿದೆ ಎಂದು ಉಪಗ್ರಹದ ಚಿತ್ರಗಳಿಂದ ಇಸ್ರೋದವರು ಲೆಕ್ಕ ಕೊಟ್ಟರು.

ಅಡಿಕೆ ಉರುಳಿದ್ದು ನೆನಪಾಯಿತು. ಆ ರಾತ್ರಿ ನಕ್ಕಿದ್ದೂ ನೆನಪಾಯಿತು.

ಆಶ್ಚರ್ಯದ ಮಾತೆಂದರೆ ಇದು ಯಾರಿಗೂ ತಿಳಿಯದೆ ಬಂದ ಆಪತ್ತಲ್ಲ. 1976 ರಲ್ಲಿಯೇ, ಆಗ ಗಢವಾಲದ ಕಮಿಷನರಾಗಿದ್ದ ಮಿಶ್ರಾ ಅವರ ಅಧ್ಯಕ್ಷತೆಯ ಸಮಿತಿಯೊಂದು ವರದಿ ಕೊಟ್ಟಿತ್ತು. ಜೋಶಿಮಠ ಗಟ್ಟಿ ಬಂಡೆಯ ಮೇಲೆ ನಿಂತಿಲ್ಲ; ಹಳೆಯ ಕಾಲದಲ್ಲಿ ಕುಸಿದುಬಂದ ಮಣ್ಣು, ಮರಳು, ಕಲ್ಲುಗಳ ರಾಶಿಯ ಮೇಲೆ ಕುಳಿತಿದೆ ಎಂದು ಅದರಲ್ಲಿ ಬರೆದಿದ್ದರು. ಭಾರೀ ಕಟ್ಟಡ ಬೇಡ, ಇಳಿಜಾರು ಕಡಿಯಬೇಡಿ, ಬುಡದ ಬಂಡೆಗಳನ್ನು ಸಿಡಿಸಿ ತೆಗೆಯಬೇಡಿ, ಮರ ನೆಡಿ, ನೀರು ಒಳಗಿಳಿಯದಂತೆ ಪಕ್ಕಾ ಚರಂಡಿ ಮಾಡಿ ಎಂದು ಒತ್ತಿ ಹೇಳಿದ್ದರು. ನಲವತ್ತೇಳು ವರ್ಷ ಕಳೆದು ನೋಡಿದರೆ ಕಟ್ಟಡಗಳು ನಾಲ್ಕೈದು ಅಂತಸ್ತಾಗಿವೆ, ಹೆಚ್ಚಿನ ಮನೆಗಳಿಗೆ ಒಳಚರಂಡಿಯ ಸಂಪರ್ಕವಿಲ್ಲ.

ಕುಸಿತಕ್ಕೆ ಬಚ್ಚಲ ನೀರೊಂದೇ ಕಾರಣ ಎಂದು ನಾವು ಹೇಳುತ್ತಿಲ್ಲ. ಊರಿನ ಜನ ಹತ್ತಿರದ ಜಲವಿದ್ಯುತ್ ಯೋಜನೆಯ ಸುರಂಗವನ್ನು ದೂರುತ್ತಾರೆ. ಯೋಜನೆಯವರು ತಮಗೂ ಇದಕ್ಕೂ ಸಂಬಂಧವಿಲ್ಲವೆನ್ನುತ್ತಾರೆ. 2021 ರ ಫೆಬ್ರುವರಿ 7 ರ ಪ್ರವಾಹ ಬೇರೆ ಬಂದು ಹೋಗಿತ್ತು. ರಸ್ತೆ ಅಗಲ ಮಾಡುವ ಕೆಲಸವೂ ನಡೆಯುತ್ತಿತ್ತು. ಆ ವ್ಯಾಜ್ಯ ತೀರ್ಮಾನಿಸುವ ವಿದ್ಯೆ ನಮಗಿಲ್ಲ. ಆದರೆ ನೀರು ಕುಡಿದ ಮಣ್ಣು ಹೇಗೆ ವರ್ತಿಸುತ್ತದೆಂಬುದನ್ನು ತೋಟದವರಿಗೆ ಯಾವ ಸಮಿತಿಯೂ ಬಂದು ಹೇಳಬೇಕಾಗಿಲ್ಲ. ಅಡಿಕೆ ತೋಟದಲ್ಲಿ ಎರಡು ಸಾಲಿನ ನಡುವೆ ಬಸಿಗಾಲುವೆ ಏಕೆ ತೆಗೆಯುತ್ತೇವೆ? ಮಳೆಗಾಲಕ್ಕೆ ಮುಂಚೆ ಕಾಲುವೆಯ ಹೂಳೆತ್ತದಿದ್ದರೆ ಏನಾಗುತ್ತದೆಂದು ನಮ್ಮ ಆಳುಮಕ್ಕಳಿಗೂ ಗೊತ್ತು. ಇಳಿಜಾರಿನ ಕಾಫಿ ತೋಟದಲ್ಲಿ ನೆರಳಿನ ಮರ ಒಂದನ್ನು ಕಡಿಯುವ ಮುಂಚೆ ಹತ್ತು ಸಲ ಯೋಚಿಸುತ್ತೇವೆ. ಇಷ್ಟೆಲ್ಲ ತಿಳಿದ ನಾವೇ ಮನೆಯ ಹಿಂದೆ ಕೋಣೆ ಕಟ್ಟುವಾಗ ಎಲ್ಲವನ್ನೂ ಮರೆಯುತ್ತೇವೆ.

ಮರೆಯುತ್ತೇವೆ ಎಂದದ್ದು ಮಾತಿಗಲ್ಲ. ಜೋಶಿಮಠಕ್ಕೆ ಹೋದ ನಾಲ್ವರಲ್ಲಿ ಒಬ್ಬರು, ಇದನ್ನು ಬರೆಯುತ್ತಿರುವುದೂ ಅವರೇ, 2017 ರ ಬೇಸಿಗೆಯಲ್ಲಿ ಮನೆಯ ಹಿಂದಿನ ದರೆಯನ್ನು ಜೆಸಿಬಿಯಿಂದ ಹನ್ನೆರಡು ಅಡಿ ನೇರವಾಗಿ ಕಡಿಸಿ ಮೂರು ಕೋಣೆ ಕಟ್ಟಿಸಿದ್ದರು. ಎರಡೇ ದಿನದ ಕೆಲಸ. ಹಿಂದಿನವರು ಹಾರೆ ಗುದ್ದಲಿಯಲ್ಲಿ ಮಾಡುತ್ತಿದ್ದಾಗ ಮೂರನೆಯ ದಿನ ತೋಳು ನೋಯುತ್ತಿತ್ತು, ಅಲ್ಲಿಗೆ ನಿಲ್ಲಿಸುತ್ತಿದ್ದರು. ಯಂತ್ರಕ್ಕೆ ತೋಳು ನೋಯುವುದಿಲ್ಲ. ಬಚ್ಚಲಿನ ನೀರಿಗೆ ಕೋಣೆಯ ಪಕ್ಕದಲ್ಲೇ, ದರೆಯ ನೆತ್ತಿಗೆ ಹತ್ತಿರವಾಗಿ, ಒಂದು ಇಂಗುಗುಂಡಿ. ಮೇಸ್ತ್ರಿ ಹೇಳಿದ, ನಾವು ಹೂಂ ಎಂದೆವು. 2018 ರ ಆಗಸ್ಟಿನ ಒಂದು ಬೆಳಿಗ್ಗೆ ದರೆಯ ಮಣ್ಣು ಇಂಗುಗುಂಡಿಯ ಸಮೇತ ಇಳಿದು ಮೂರನೆಯ ಕೋಣೆಯ ಕಿಟಕಿಯ ಮಟ್ಟಕ್ಕೆ ಬಂದು ನಿಂತಿತು. ಹಿಂದಿನ ರಾತ್ರಿ ಆ ಕೋಣೆಯಲ್ಲಿ ಇರಬೇಕಾದವರು ಮಳೆಯ ಸುದ್ದಿ ಕೇಳಿ ಬರುವುದನ್ನು ರದ್ದು ಮಾಡಿದ್ದರು. ಮುಂಗಡ ವಾಪಸು ಕೊಡಬೇಕಲ್ಲ ಎಂದು ಆ ರಾತ್ರಿ ನಾವು ಗೊಣಗಿದ್ದೂ ಉಂಟು.

ಅದೇ ತಿಂಗಳು ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ನಡೆದದ್ದರ ಮುಂದೆ ನಮ್ಮದು ಲೆಕ್ಕಕ್ಕಿಲ್ಲ. ನಮ್ಮಂಥದೇ ಬೆಳೆಗಾರರು ಮನೆ, ತೋಟ, ಜೀವ ಕಳೆದುಕೊಂಡರು. ಅಲ್ಲಿಗೆ ಹೋಗಿ ನೋಡಿದ ಭೂವಿಜ್ಞಾನಿಗಳು ಅತಿಮಳೆಯ ಜೊತೆಗೆ, ರಸ್ತೆಗೆಂದೂ ಮನೆಗೆಂದೂ ಇಳಿಜಾರನ್ನು ಕಡಿದದ್ದನ್ನು ಕಾರಣವಾಗಿ ತೋರಿಸಿದರು. ಅಂಕೋಲದ ಶಿರೂರಿನಲ್ಲಿ 2024 ರ ಜುಲೈ 16 ರಂದು, ಹೆದ್ದಾರಿಗಾಗಿ ಕಡಿದ ಗುಡ್ಡ ಕುಸಿದು ರಸ್ತೆ ಬದಿಯ ಚಹಾ ಹೋಟೆಲೊಂದನ್ನು ಸಂಸಾರ ಸಹಿತ ಕೊಂಡೊಯ್ದಿತು. ಅದೇ ತಿಂಗಳ 30 ರಂದು ವಯನಾಡಿನ ಮುಂಡಕೈ, ಚೂರಲ್‌ಮಲೆ. ಅಲ್ಲಿ ಬೆಟ್ಟದ ಮೇಲಿಂದ ಬಂದ ಪ್ರವಾಹದ ಸ್ವರೂಪ ಬೇರೆ. ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟುವುದು ಸರಿಯಲ್ಲ. ಆದರೂ ಮಳೆ ಬಂದ ರಾತ್ರಿ ಮಲಗಿ ಕಿವಿಗೊಡುವವರಿಗೆ ಈ ಊರುಗಳ ಹೆಸರು ಒಂದಾದ ಮೇಲೊಂದು ನೆನಪಾಗುವುದು ಸಹಜ.

ಇಲ್ಲಿ ಕೆಲವರು ಹೇಳುವ ಮಾತು ನಮಗೆ ಗೊತ್ತಿದೆ. ಸರ್ಕಾರ ಗುಡ್ಡ ಸೀಳಿ ಚತುಷ್ಪಥ ಮಾಡುತ್ತದೆ, ಸುರಂಗ ಕೊರೆಯುತ್ತದೆ, ದೊಡ್ಡ ದೊಡ್ಡ ರೆಸಾರ್ಟುಗಳು ಈಜುಕೊಳ ತೋಡುತ್ತವೆ. ನಮ್ಮ ನಾಲ್ಕು ಕೋಣೆಯ ಬಚ್ಚಲೇ ಲೋಕವನ್ನು ಮುಳುಗಿಸುವುದೇ? ಕೇಳಬೇಕಾದ ಮಾತೇ. ಆದರೆ ಲೆಕ್ಕ ನೋಡಿ. ಸ್ನಾನ, ಬಟ್ಟೆ, ಕಕ್ಕಸು ಎಲ್ಲ ಸೇರಿ ಒಬ್ಬರಿಗೆ ದಿನಕ್ಕೆ 100 ಲೀಟರು ಎಂದು ಹಿಡಿಯಿರಿ. ಪೇಟೆಯವರು ಇನ್ನೂ ಜಾಸ್ತಿ ಸುರಿಯುತ್ತಾರೆ. ನಾಲ್ಕು ಕೋಣೆಗೆ ಎಂಟು ಜನ, 800 ಲೀಟರು. ವಾರಕ್ಕೆ ಎರಡು ದಿನವೆಂದರೂ ವರ್ಷಕ್ಕೆ ಎಂಬತ್ತು ಸಾವಿರ ಲೀಟರು ದಾಟುತ್ತದೆ. ಎಲ್ಲವೂ ಒಂದೇ ಗುಂಡಿಗೆ, ದರೆಯ ನೆತ್ತಿಯಲ್ಲಿ. ಮಳೆಯ ನೀರು ಇಡೀ ಗುಡ್ಡದ ಮೇಲೆ ಬೀಳುತ್ತದೆ, ಹಳ್ಳಕ್ಕೆ ಹರಿಯುತ್ತದೆ, ಬೇಸಿಗೆಯಲ್ಲಿ ಮಣ್ಣಿಗೆ ಒಣಗಲು ಬಿಡುವು ಕೊಡುತ್ತದೆ. ಬಚ್ಚಲ ನೀರು ಬಿಡುವು ಕೊಡುವುದಿಲ್ಲ. ಮೇ ತಿಂಗಳಲ್ಲಿಯೂ ಹಸಿಯಾಗಿಯೇ ಇರುವ ದರೆಯ ಮೇಲೆ ಜೂನಿನಲ್ಲಿ ಮಲೆನಾಡಿನ ಮಳೆ ಸುರಿದರೆ ಏನಾಗುತ್ತದೆ? ಜೋಶಿಮಠದ ಮಳೆ ನಮ್ಮ ಆಗುಂಬೆ ಸೀಮೆಯ ಮಳೆಯ ಮುಂದೆ ಏನೂ ಅಲ್ಲ ಎಂಬುದನ್ನೂ ಮರೆಯಬಾರದು.

ಇನ್ನು ಹೆದ್ದಾರಿಯ ಮಾತು. ಹೆದ್ದಾರಿ ಕುಸಿದರೆ ಇನ್ನೊಂದು ಟೆಂಡರು ಕರೆಯುತ್ತಾರೆ. ನಮ್ಮ ದರೆ ಕುಸಿದರೆ ಬೀಳುವುದು ನಮ್ಮ ಮನೆಯ ಮೇಲೆ, ಇಲ್ಲವೇ ಕೆಳಗಿನ ತೋಟದವರ ಮೇಲೆ. ಅಬ್ಬಿಯ ನೀರು ಮೇಲಿನವರಿಂದ ಕೆಳಗಿನವರಿಗೆ ಇಳಿದು ಬರುವ ಊರಿನಲ್ಲಿ ಇದಕ್ಕೆ ಬೇರೆ ನ್ಯಾಯವಿಲ್ಲ. ಹೋಂಸ್ಟೇ ಬಂದ ಮೇಲೆ ತಮ್ಮ ಅಬ್ಬಿಯ ನೀರಿನಲ್ಲಿ ಸೋಪಿನ ನೊರೆ ಕಂಡಿತೆಂದು ಕೆಳಗಿನ ಮನೆಯವರು ಆಡಿಕೊಂಡದ್ದು ನಮ್ಮ ಕಿವಿಗೂ ಬಿದ್ದಿದೆ. ದಾಯಾದಿಗಳಾದ್ದರಿಂದ ಎದುರಿಗೆ ಹೇಳಿರಲಿಲ್ಲ, ಅಷ್ಟೆ.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. 2018 ರ ನಂತರ ನಾವು ಮಾಡಿದ್ದನ್ನೇ ಹೇಳುತ್ತೇವೆ. ಮೂರನೆಯ ಕೋಣೆಯನ್ನು ಬಿಟ್ಟುಬಿಟ್ಟೆವು. ಈಗ ಅದರಲ್ಲಿ ಸೌದೆ ಇದೆ. ದರೆಯನ್ನು ಎರಡು ಮೆಟ್ಟಿಲಾಗಿ ಒರೆ ಮಾಡಿಸಿ ಲಾವಂಚ ನೆಟ್ಟೆವು. ದರೆಯ ಮೇಲ್ಗಡೆ, ಸ್ವಲ್ಪ ಹಿಂದಕ್ಕೆ, ಮಳೆನೀರನ್ನು ಪಕ್ಕದ ಹಳ್ಳಕ್ಕೆ ತಿರುಗಿಸುವ ಸಿಮೆಂಟಿನ ಕಾಲುವೆ. ಬಚ್ಚಲಿನ ನೀರನ್ನು ಪೈಪಿನಲ್ಲಿ ಎಂಬತ್ತು ಅಡಿ ದೂರ ಒಯ್ದು, ಮರಳು ಜಲ್ಲಿಯ ತೊಟ್ಟಿಯಲ್ಲಿ ಸೋಸಿ, ಸಮತಟ್ಟಾದ ಬಾಳೆ ಹಿತ್ತಲಿಗೆ ಬಿಟ್ಟೆವು. ಕಕ್ಕಸಿನ ತೊಟ್ಟಿಯನ್ನು ಅಲ್ಲಿಂದ ತೆಗೆದು ಅಂಗಳದ ಮುಂದಿನ ಗಟ್ಟಿ ನೆಲಕ್ಕೆ ತಂದೆವು. ಅಂಗಳದಲ್ಲೇ ಇದೇನು ಎಂದು ಮನೆಯ ಹೆಂಗಸರು ಮೂಗು ಮುರಿದರು, ಈಗ ಒಗ್ಗಿದೆ. ಕೋಣೆ ಕಟ್ಟುವಾಗಲೇ ಇದನ್ನೆಲ್ಲ ಮಾಡಿದ್ದರೆ ತಗುಲುತ್ತಿದ್ದ ಖರ್ಚಿನ ಎರಡರಷ್ಟು ತಗುಲಿತು. ಕೋಣೆಯ ಬಾಡಿಗೆಯನ್ನು 300 ರೂಪಾಯಿ ಏರಿಸಿದೆವು. ಕೆಲವರು ಬರುವುದು ಬಿಟ್ಟರು. ಬರುವವರಲ್ಲಿ ಕಾರಣ ಕೇಳಿದವರಿಗೆ ಬಾಳೆ ಹಿತ್ತಲು ತೋರಿಸುತ್ತೇವೆ.

ಈ ಬಾಡಿಗೆಯ ವಿಷಯ ಅಷ್ಟು ಸಣ್ಣದಲ್ಲ. ಜೋಶಿಮಠದ ಆ ಯುವಕನಿಗೆ ಪೈಪನ್ನು ಚರಂಡಿಗೆ ಸೇರಿಸಬೇಕೆಂಬ ಬುದ್ಧಿ ಇಲ್ಲದಿರಲಿಲ್ಲ. ಸೇರಿಸಲು ಚರಂಡಿಯೇ ಇರಲಿಲ್ಲ. ತಾನೇ ಮಾಡಿಸಲು 800 ರೂಪಾಯಿಯ ಕೋಣೆಯಲ್ಲಿ ದುಡ್ಡು ಉಳಿಯುತ್ತಿರಲಿಲ್ಲ. ನಮ್ಮ ಕಡೆಯೂ ಹೋಂಸ್ಟೇಯವರು ಒಬ್ಬರಿಗಿಂತ ಒಬ್ಬರು ದರ ಇಳಿಸಲು ಶುರುಮಾಡಿದ್ದಾರೆ. ಮೊಬೈಲಿನಲ್ಲಿ ಕೋಣೆ ಹಿಡಿದುಕೊಡುವ ಕಂಪೆನಿಗಳಿಗೆ ಕಮಿಷನ್ನು ಬೇರೆ. ವ್ಯಾಪಾರಿಗಳು ನಮ್ಮನ್ನು ಒಬ್ಬರ ವಿರುದ್ಧ ಒಬ್ಬರನ್ನು ನಿಲ್ಲಿಸಿ ಅಡಿಕೆಯ ದರ ಮುರಿಯುತ್ತಿದ್ದ ಕಾಲದಲ್ಲಿ ನಮ್ಮ ಹಿರಿಯರು ಸಹಕಾರ ಸಂಘ ಕಟ್ಟಿದರು. ಅದೇ ಸಂಘದ ಸದಸ್ಯರು ಕೋಣೆಯ ವಿಷಯದಲ್ಲಿ ಒಟ್ಟಿಗೆ ಕುಳಿತು, ಇದಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಎಂದು ಒಂದು ದರ ಮಾತನಾಡಿಕೊಳ್ಳಲು ಏನು ಅಡ್ಡಿಯೆಂದು ನಮಗೆ ತಿಳಿಯದು.

ಸಾಲದ ವಿಷಯದಲ್ಲಿ ನಮ್ಮ ಅಭಿಪ್ರಾಯ ಇನ್ನೂ ಖಡಾಖಂಡಿತ. ಕೋಣೆ ಕಟ್ಟಲು ಸಂಘದಿಂದ ಸಾಲ ಕೇಳುವವರ ಅರ್ಜಿಯ ಜೊತೆ ಈಗ ಪಹಣಿ, ನಕ್ಷೆ, ಜಾಮೀನುದಾರರ ಸಹಿ ನೋಡುತ್ತಾರೆ. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳುವುದಿಲ್ಲ. ಇನ್ನು ಮುಂದೆ ನಿರ್ದೇಶಕರಲ್ಲಿ ಇಬ್ಬರು ಜಾಗಕ್ಕೆ ಹೋಗಿ, ದರೆ ಎಷ್ಟು ಕಡಿಯುತ್ತಾರೆ, ಇಂಗುಗುಂಡಿ ಎಲ್ಲಿ, ಕೆಳಗೆ ಯಾರ ಮನೆ ಇದೆ ಎಂದು ನೋಡಿ ಬರೆದುಕೊಟ್ಟ ನಂತರವೇ ಸಾಲ ಮಂಜೂರಾಗಬೇಕು. ಕಾಲುವೆ, ತೊಟ್ಟಿಯ ಖರ್ಚನ್ನೂ ಸಾಲದಲ್ಲೇ ಸೇರಿಸಿ ಕೊಡಲಿ. ಇದರಿಂದ ಕೆಲವು ಅರ್ಜಿಗಳು ತಡವಾಗುತ್ತವೆ, ಒಂದೆರಡು ತಿರಸ್ಕೃತವಾಗುತ್ತವೆ, ನಿರ್ದೇಶಕರ ಮೇಲೆ ಸಿಟ್ಟೂ ಬರುತ್ತದೆ. ಅವರ ಪೈಕಿ ನಮ್ಮ ಹತ್ತಿರದ ನೆಂಟರೂ ಇದ್ದಾರೆ ಎಂಬುದು ಬಲ್ಲೆವು.

ಜೋಶಿಮಠದ ಯುವಕನಿಗೆ 2023 ರ ಜನವರಿ ಕೊನೆಯಲ್ಲಿ ಫೋನು ಮಾಡಿದ್ದೆವು. ಅವನ ಕಟ್ಟಡಕ್ಕೆ ಕೆಂಪು ಗುರುತು ಬಿದ್ದಿರಲಿಲ್ಲ, ಪಕ್ಕದ್ದಕ್ಕೆ ಬಿದ್ದಿತ್ತು. ಆದರೂ ಹೆಂಡತಿ ಮಕ್ಕಳನ್ನು ಮಾವನ ಊರಿಗೆ ಕಳಿಸಿ, ತಾನೊಬ್ಬನೇ ಆಫೀಸಿನ ಬೆಂಚಿನ ಮೇಲೆ ಮಲಗುತ್ತಿದ್ದೇನೆಂದ. ಕೆಳಗಿನ ಎರಡು ಅಂತಸ್ತಿಗೆ ಬೀಗ ಹಾಕಿದ್ದಾನೆ. ಬ್ಯಾಂಕಿನವರು ಕಂತಿಗೆ ಸ್ವಲ್ಪ ಕಾಲಾವಕಾಶ ಕೊಡಬಹುದೆಂದು ಕೇಳಿದ್ದಾನೆ. ಆಮೇಲೆ, ಅಂಕಲ್‌ಜೀ, ನಿಮ್ಮ ಅಡಿಕೆಗೆ ಈ ವರ್ಷ ರೇಟು ಹೇಗಿದೆ ಎಂದು ವಿಚಾರಿಸಿದ. ಪರವಾಗಿಲ್ಲ ಎಂದೆವು.

ಸಾಲಕ್ಕೆ ಮುಂಚೆ ನೀರಿನ ದಾರಿ ನೋಡಬೇಕೆಂಬ ಮೇಲಿನ ಸೂಚನೆಯನ್ನು ಮುಂದಿನ ಮಹಾಸಭೆಯ ಕಾರ್ಯಸೂಚಿಗೆ ಸೇರಿಸುವಂತೆ ನಾವು ನಾಲ್ವರೂ ಸಹಿ ಮಾಡಿ ಕಾರ್ಯದರ್ಶಿಗಳಿಗೆ ಕೊಟ್ಟಿದ್ದೇವೆ. ಬೇಕೆನ್ನುವವರೂ ಬೇಡವೆನ್ನುವವರೂ ಅಂದು ತಪ್ಪದೆ ಬರಬೇಕು. ಅದಕ್ಕೆ ಮುಂಚೆ ಬಾಳೆ ಹಿತ್ತಲಿನ ತೊಟ್ಟಿ ನೋಡಬೇಕೆನ್ನುವ ಸದಸ್ಯರು ಯಾವ ದಿನವಾದರೂ ಬರಬಹುದು. ಕಾಫಿ ನಮ್ಮ ತೋಟದ್ದೇ ಇರುತ್ತದೆ.